ಇಂಗ್ಲಿಷ್ ಸರ್ವನಾಮ: ಕಲಿಯುವವರಿಗೊಂದು ಕಿವಿಮಾತು

ಇಂಗ್ಲಿಷ್ ಸರ್ವನಾಮಗಳ ಪಟ್ಟಿ ಬಾಯಿಪಾಠವಾದರೆ ಸಾಲದು. ಯಾವುದರ ಜಾಗ ಎಲ್ಲಿ ಎಂಬುದನ್ನು ಗಮನಿಸಿ.

‘ಐ, ಹೀ, ಶೀ, ವೀ, ದೇ’ ಕರ್ತೃವಿನ ಸ್ಥಾನದಲ್ಲಿ ಬರುತ್ತವೆ. ‘ಮೀ, ಹಿಮ್, ಹರ್, ಅಸ್, ದೆಮ್’ ಬರುವುದು ಕ್ರಿಯಾಪದದ ನಂತರ, ಇಲ್ಲವೇ ‘ಟು, ವಿತ್, ಬಿಟ್ವೀನ್’ನಂಥ ಪದಗಳ ನಂತರ. ಹಾಗಾಗಿ ‘ಬಿಟ್ವೀನ್ ಯೂ ಆ್ಯಂಡ್ ಮೀ’ ಎನ್ನುವುದೇ ಸರಿ. ‘ಮೈ’ ಎಂದರೆ ಮುಂದೆ ನಾಮಪದ ಬೇಕು: ‘ಮೈ ಬುಕ್’. ‘ಮೈನ್’ ಒಂಟಿಯಾಗಿ ನಿಲ್ಲುತ್ತದೆ: ‘ದಿಸ್ ಬುಕ್ ಈಸ್ ಮೈನ್’. ವ್ಯಕ್ತಿಗೆ ‘ಹೂ’, ವಸ್ತುವಿಗೆ ‘ವಿಚ್’.

‘ಮೈಸೆಲ್ಫ್’ ಆತ್ಮಾರ್ಥಕ ಸರ್ವನಾಮ. ‘ಐ ಹರ್ಟ್ ಮೈಸೆಲ್ಫ್’ ಎನ್ನುವಲ್ಲಿ ಅದಕ್ಕೆ ಕೆಲಸವಿದೆ. ಪರಿಚಯ ಮಾಡಿಕೊಳ್ಳುವಾಗ ‘ಮೈಸೆಲ್ಫ್ ರಮೇಶ್’ ಎನ್ನಬೇಡಿ, ‘ಐ ಆ್ಯಮ್ ರಮೇಶ್’ ಎನ್ನಿ.

ಕನ್ನಡಿಗರು ಇನ್ನೆರಡು ವಿಷಯ ನೆನಪಿಡಬೇಕು. ಒಬ್ಬರನ್ನೇ ನಾವು ಗೌರವದಿಂದ ‘ಅವರು’ ಎನ್ನುತ್ತೇವೆ. ಇಂಗ್ಲಿಷಿನಲ್ಲಿ ಮೇಷ್ಟ್ರನ್ನು ‘ಹೀ’, ಅಮ್ಮನನ್ನು ‘ಶೀ’ ಎಂದರೆ ಅಗೌರವವಲ್ಲ. ‘ನಾಳೆ ಬರುತ್ತೇನೆ’ ಎಂದಾಗ ಯಾರು ಎಂಬುದು ನಮ್ಮ ಕ್ರಿಯಾಪದದಲ್ಲೇ ಇದೆ. ಇಂಗ್ಲಿಷಿನಲ್ಲಿ ಮಾತ್ರ ‘ಐ’ ಬಿಡುವಂತಿಲ್ಲ.

ದಿನಕ್ಕೆ ಐದು ವಾಕ್ಯ ಸ್ವಂತವಾಗಿ ಬರೆಯಿರಿ, ಗಟ್ಟಿಯಾಗಿ ಓದಿ. ನಿಯಮ ತಾನಾಗಿಯೇ ನಾಲಿಗೆಗೆ ಹತ್ತುತ್ತದೆ.