ಡಿಎಲ್ ನೋಡಿ ಕೀ ಕೊಡುವ ಮುನ್ನ
ಬಾಡಿಗೆ ಕಾರಿಗೆ ಡ್ರೈವರ್ ಆರಿಸುವವರು ಏನೇನು ವಿಚಾರಿಸಬೇಕು?

ಮಂಡ್ಯದ ಮಗ್ಗುಲಲ್ಲೇ ಇರುವ ಹೊಳಲಿನಂಥ ಊರುಗಳಲ್ಲಿ ಸಾಲ ಮಾಡಿ ಒಂದು ಹಳದಿ ಬೋರ್ಡಿನ ಕಾರು ತಂದವರಿಗೆ ಕೆಲಸಕ್ಕೇನೂ ಬರವಿಲ್ಲ. ನಡುರಾತ್ರಿ ಬೆಂಗಳೂರಿನ ವಿಮಾನ ನಿಲ್ದಾಣಕ್ಕೆ ಹೊರಡುವವರಿದ್ದಾರೆ. ಮದುವೆ ಕಾಲದಲ್ಲಿ ಮದ್ದೂರು, ಮಳವಳ್ಳಿಯ ಛತ್ರಗಳಿಗೆ, ರಜೆ ಬಂದರೆ ಧರ್ಮಸ್ಥಳಕ್ಕೆ ಕರೆಯುವವರಿದ್ದಾರೆ. ಎಲ್ಲ ಬಾಡಿಗೆಗೂ ಮಾಲೀಕರೇ ಹೋಗಲಾಗದು, ಡ್ರೈವರ್ ಬೇಕಾಗುತ್ತಾನೆ. ಬಂದವನ ಡಿಎಲ್ ನೋಡಿ, ‘ಯಾರ ಮಗನಪ್ಪ ನೀನು?’ ಎಂದು ಕೇಳಿ ಕೀ ಕೊಡುವುದು ನಡೆದುಬಂದ ರೂಢಿ. ಆ ಎರಡರಿಂದ ತಿಳಿಯುವುದು ತುಂಬಾ ಕಡಿಮೆ.

ಅದಕ್ಕೆ ಕಾರಣವಿದೆ. ಲಘು ವಾಹನದ, ಅಂದರೆ ಎಲ್‌ಎಂವಿ ಡಿಎಲ್ ಇದ್ದವರು 7,500 ಕೆ.ಜಿ. ಮೀರದ ಬಾಡಿಗೆ ವಾಹನವನ್ನೂ ಓಡಿಸಬಹುದು, ಪ್ರತ್ಯೇಕ ಟ್ರಾನ್ಸ್‌ಪೋರ್ಟ್ ನಮೂದು ಬೇಕಿಲ್ಲ ಎಂದು 2017ರಲ್ಲಿ ಮುಕುಂದ್ ದೇವಾಂಗನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತು. 2024ರ ನವೆಂಬರ್ 6ರಂದು ಐವರು ನ್ಯಾಯಮೂರ್ತಿಗಳ ಸಂವಿಧಾನ ಪೀಠವೂ ಅದನ್ನೇ ಎತ್ತಿಹಿಡಿಯಿತು. ಆ ನಮೂದಿಲ್ಲ ಎಂಬ ಒಂದೇ ನೆಪದಲ್ಲಿ ವಿಮಾ ಕಂಪನಿಗಳು ಪರಿಹಾರಕ್ಕೆ ತಕರಾರು ತೆಗೆಯುತ್ತಿದ್ದುದರಿಂದ, ಅಪಘಾತದಲ್ಲಿ ನೊಂದ ಕುಟುಂಬಗಳಿಗೆ ಒಳ್ಳೆಯದೇ ಆಯಿತು. ಆದರೆ ಇದರ ಇನ್ನೊಂದು ಮಗ್ಗುಲನ್ನು ಮಾಲೀಕರು ಗಮನಿಸಿದಂತಿಲ್ಲ. ಟ್ರಾನ್ಸ್‌ಪೋರ್ಟ್ ಡಿಎಲ್ಲನ್ನು 5 ವರ್ಷಕ್ಕೊಮ್ಮೆ ನವೀಕರಿಸಬೇಕು, ಆಗ ವೈದ್ಯರ ಸಹಿಯಿರುವ ನಮೂನೆ 1-ಎ ಕೊಡಬೇಕು. ಬರೀ ಎಲ್‌ಎಂವಿ ಆದರೆ, 30 ತುಂಬುವ ಮೊದಲು ಪಡೆದ ಡಿಎಲ್ 40 ತುಂಬುವ ತನಕ ನಡೆಯುತ್ತದೆ. ಅದಕ್ಕೆ ಅರ್ಜಿ ಹಾಕುವಾಗ ‘ನಾನು ಗಟ್ಟಿಮುಟ್ಟಾಗಿದ್ದೇನೆ’ ಎಂದು ಅರ್ಜಿದಾರನೇ ನಮೂನೆ 1ರಲ್ಲಿ ಬರೆದುಕೊಟ್ಟರೆ ಮುಗಿಯಿತು. 28ಕ್ಕೆ ಡಿಎಲ್ ಮಾಡಿಸಿದವನು ಮುಂದಿನ 12 ವರ್ಷ ಯಾವ ವೈದ್ಯರ ಮುಂದೆಯೂ ನಿಲ್ಲದೆ ನಿಮ್ಮ ಟ್ಯಾಕ್ಸಿ ಓಡಿಸಬಹುದು. ಆ ವರ್ಷಗಳಲ್ಲಿ ಅವನ ಕಣ್ಣು ಹೇಗಿದೆ, ಸಕ್ಕರೆ ಎಷ್ಟಿದೆ ಎಂದು ಕೇಳುವವರು ನೀವೊಬ್ಬರೇ.

ಮೊದಲು ಫೋನಿನಲ್ಲಿ ಡಿಎಲ್ ಪರಿಶೀಲಿಸಿ

ವಾಟ್ಸ್‌ಆ್ಯಪ್‌ನಲ್ಲಿ ಕಳಿಸಿದ ಫೋಟೊ, ಮಡಚಿದ ಜೆರಾಕ್ಸ್ ಬೇಡ. ಡ್ರೈವರನ್ನು ಎದುರಿಗೆ ಕೂರಿಸಿಕೊಂಡು, ಅವನ ಫೋನಿನಲ್ಲೇ ಡಿಜಿಲಾಕರ್ ಅಥವಾ ಎಂಪರಿವಾಹನ್ ತೆರೆಸಿ. ಅದಿಲ್ಲದಿದ್ದರೆ ಪರಿವಾಹನ್ ಜಾಲತಾಣದ ಸಾರಥಿ ವಿಭಾಗದಲ್ಲಿ ಡಿಎಲ್ ಸಂಖ್ಯೆ, ಹುಟ್ಟಿದ ದಿನಾಂಕ ಹಾಕಿ. ಡಿಎಲ್ ಚಾಲ್ತಿಯಲ್ಲಿದೆಯೇ, ಅಮಾನತಾಗಿದೆಯೇ, ಯಾವ ವರ್ಗದ ವಾಹನಕ್ಕೆ, ಎಲ್ಲಿಯವರೆಗೆ ಎಂಬುದನ್ನು ನೋಡಿಕೊಳ್ಳಿ. ಮಂಡ್ಯ ಆರ್‌ಟಿಒ ಕೊಟ್ಟದ್ದಾದರೆ ಸಂಖ್ಯೆ ಕೆಎ 11ರಿಂದ, ನಾಗಮಂಗಲದ್ದಾದರೆ ಕೆಎ 54ರಿಂದ ಶುರುವಾಗುತ್ತದೆ. ಬಾಡಿಗೆ ವಾಹನ ಓಡಿಸಲು ಮೋಟಾರು ವಾಹನ ಕಾಯ್ದೆ ಹೇಳುವ ಕನಿಷ್ಠ ವಯಸ್ಸು 20. ಎಂಟನೇ ತರಗತಿ ಓದಿರಬೇಕೆಂಬ ನಿಯಮ 2019ರಲ್ಲೇ ಹೋಯಿತು, ಮಾರ್ಕ್ಸ್ ಕಾರ್ಡ್ ಕೇಳಬೇಕಿಲ್ಲ.

ಮಾಲೀಕ ಆರ್‌ಟಿಒ ಕಚೇರಿಗೆ ಅಲೆಯಬೇಕಿಲ್ಲ, ಡಿಎಲ್ ನೋಡಿ, ಸರಿಯಾಗಿ ಓಡಿಸುತ್ತಾನೆಯೇ ಎಂದು ಪರೀಕ್ಷಿಸಿಕೊಂಡರೆ ಸಾಕು ಎಂದು 2003ರ ಲೆಹ್ರು ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿತ್ತು. ಆಗ ಇದೆಲ್ಲ ಜೇಬಿನ ಫೋನಿನಲ್ಲಿ ಸಿಗುತ್ತಿರಲಿಲ್ಲ. ಈಗ ಎರಡು ನಿಮಿಷದ ಕೆಲಸ. ನೋಡಿದ ಪುಟದ ಸ್ಕ್ರೀನ್‌ಶಾಟ್ ಇಟ್ಟುಕೊಳ್ಳಿ, ಮುಂದೊಂದು ದಿನ ಕೋರ್ಟಿನಲ್ಲಿ ನೆರವಾದೀತು.

ಕಾರು ಬಾಡಿಗೆಗೆ ಪಡೆಯುವವರಿಗೂ ಒಂದು ಮಾತು. ಸ್ವಂತ ಬಳಕೆಯ ವೈಟ್ ಬೋರ್ಡ್ ಕಾರನ್ನು ಅಗ್ಗವೆಂದು ಬಾಡಿಗೆಗೆ ಹಿಡಿದರೆ, ಡ್ರೈವರ್ ಎಷ್ಟೇ ಒಳ್ಳೆಯವನಾದರೂ ಅಪಘಾತವಾದಾಗ ವಿಮೆಯ ತಕರಾರು ಏಳುತ್ತದೆ.

25 ಮೀಟರ್ ದೂರದ ನಂಬರ್ ಪ್ಲೇಟ್

ನಮೂನೆ 1ರಲ್ಲಿರುವ ಪ್ರಶ್ನೆಗಳು ಸರಳವಾಗಿವೆ, ಮನೆ ಮುಂದೆಯೇ ಕೇಳಬಹುದು. ಫಿಟ್ಸ್, ಇದ್ದಕ್ಕಿದ್ದಂತೆ ಪ್ರಜ್ಞೆ ತಪ್ಪುವುದು, ತಲೆಸುತ್ತು ಇದೆಯೇ? ಹಗಲು ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲನೇ? ಕೆಂಪು, ಹಸಿರು ಬಣ್ಣ ಬೇರೆಬೇರೆಯಾಗಿ ಕಾಣುತ್ತವೆಯೇ? ಇರುಳುಗುರುಡು ಇದೆಯೇ? ಹಾರ್ನ್ ಕೇಳಿಸುತ್ತದೆಯೇ? ಕೈಕಾಲುಗಳ ಹಿಡಿತ ಸರಿಯಿದೆಯೇ?

ನಂಬರ್ ಪ್ಲೇಟ್ ಪರೀಕ್ಷೆಯನ್ನು ಬಾಯಿಮಾತಿಗೆ ಬಿಡಬೇಡಿ. ಟೇಪಿನಲ್ಲಿ ಅಳೆದು ನಿಲ್ಲಿಸಿ, ಅವನಿಗೆ ಗೊತ್ತಿಲ್ಲದ ಗಾಡಿಯ ನಂಬರ್ ಓದಿಸಿ. ಕನ್ನಡಕ ಹಾಕುವವನಾದರೆ ಹಾಕಿಕೊಂಡೇ ಓದಲಿ, ಅದರಲ್ಲಿ ತಪ್ಪೇನೂ ಇಲ್ಲ. ಕನ್ನಡಕ ಮನೆಯಲ್ಲಿ ಬಿಟ್ಟು ಬಂದು ‘ಅಂದಾಜು ಸಿಗುತ್ತೆ ಬಿಡಣ್ಣ’ ಎನ್ನುವವನು ಬೇಡ. ಬಣ್ಣಗುರುಡಿನ ವಿಷಯದಲ್ಲಿ 2020ರಲ್ಲಿ ನಿಯಮ ಸಡಿಲವಾಗಿದೆ. ಸ್ವಲ್ಪ ಅಥವಾ ಮಧ್ಯಮ ಪ್ರಮಾಣದ್ದಿದ್ದರೆ ಡಿಎಲ್ ಸಿಗುತ್ತದೆ, ತೀವ್ರವಾಗಿದ್ದರೆ ಇಲ್ಲ.

ಸಕ್ಕರೆ ಕಾಯಿಲೆ ಇದ್ದಮಾತ್ರಕ್ಕೆ ಯಾರೂ ಅನರ್ಹರಲ್ಲ. ಆದರೆ ಇನ್ಸುಲಿನ್ ಅಥವಾ ಕೆಲವು ಮಾತ್ರೆ ತೆಗೆದುಕೊಂಡು ಊಟ ತಪ್ಪಿಸಿದರೆ ಸಕ್ಕರೆ ಕುಸಿದು, ಸ್ಟೀರಿಂಗ್ ಹಿಡಿದಲ್ಲೇ ಕಣ್ಣು ಮಂಜಾಗಬಹುದು. ಛತ್ರದ ಹೊರಗೆ ಮೂರನೇ ಪಂಕ್ತಿಗೂ ಕರೆ ಬರದೆ ಕಾಯುವವನು ಡ್ರೈವರೇ ತಾನೆ? ನೆಗಡಿ, ಕೆಮ್ಮಿನ ಕೆಲವು ಔಷಧಿಗಳೂ ನಿದ್ದೆ ಬರಿಸುತ್ತವೆ. ಕಾನೂನು ಬೇಡಲಿ ಬಿಡಲಿ, ಯಾವುದಾದರೂ ನೋಂದಾಯಿತ ವೈದ್ಯರ ಬಳಿ ಕಳಿಸಿ ನಮೂನೆ 1-ಎ ಮಾಡಿಸಿ. ಖರ್ಚು ನಿಮ್ಮದಿರಲಿ.

ಜತೆಗೆ ಕೂತು ಓಡಿಸಿ ನೋಡಿ

ಪರೀಕ್ಷೆಗೆ ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಗೆ ಕರೆದೊಯ್ಯುವುದರಲ್ಲಿ ಅರ್ಥವಿಲ್ಲ. ನೇರ ರಸ್ತೆಯಲ್ಲಿ ಯಾರು ಬೇಕಾದರೂ 100ರಲ್ಲಿ ಹೋಗುತ್ತಾರೆ. 2023ರ ಆಗಸ್ಟ್ 1ರಿಂದ ಬೈಕು, ಆಟೊ, ಟ್ರ್ಯಾಕ್ಟರ್‌ಗಳಿಗೆ ಅಲ್ಲಿ ಪ್ರವೇಶವಿಲ್ಲ, ಎಲ್ಲವೂ ಸರ್ವಿಸ್ ರಸ್ತೆಯಲ್ಲಿವೆ. ಅಲ್ಲಿ ಓಡಿಸಿ. ಸಂಜೆ ಕತ್ತಲಾದ ಮೇಲೆ, ಹಿಂದೆ ದೀಪವಿಲ್ಲದ ಕಬ್ಬಿನ ಟ್ರ್ಯಾಕ್ಟರ್ ಎದುರಾಗುವ ಹೊತ್ತಿಗೆ, ಒಂದು ಸುತ್ತು ಹೋಗಿ ಬನ್ನಿ. ಒಕ್ಕಣೆ ಕಾಲವಾದರೆ ರಸ್ತೆ ತುಂಬ ಹಾಸಿದ ಹುರುಳಿ ಸೊಪ್ಪು ಕಂಡು ಏನು ಮಾಡುತ್ತಾನೆ ನೋಡಿ. ಅದು ಕಾರಿನಡಿ ಸುತ್ತಿಕೊಂಡು ಬೆಂಕಿ ಹತ್ತಬಹುದು ಎಂದು ತಿಳಿದವನು ನಿಧಾನಿಸಿ, ಬಳಸಿ ಹೋಗುತ್ತಾನೆ.

ನಾಲೆ ಏರಿಯ ರಸ್ತೆಯಲ್ಲಂತೂ ಓಡಿಸಿ ನೋಡಲೇಬೇಕು. 2018ರ ನವೆಂಬರ್ 24ರಂದು ಪಾಂಡವಪುರ ತಾಲ್ಲೂಕಿನ ಕನಗನಮರಡಿ ಬಳಿ ಖಾಸಗಿ ಬಸ್ಸೊಂದು ವಿಶ್ವೇಶ್ವರಯ್ಯ ನಾಲೆಗೆ ಉರುಳಿ 30 ಜನ ಸತ್ತರು. ನಟ ಅಂಬರೀಶ್ ತೀರಿಕೊಂಡದ್ದೂ ಅದೇ ದಿನವಾದ್ದರಿಂದ ಜಿಲ್ಲೆಯವರು ಆ ತಾರೀಖು ಮರೆಯುವುದಿಲ್ಲ. ಏರಿ ಮೇಲೆ ಎದುರು ವಾಹನ ಬಂದಾಗ ಮೊದಲೇ ಜಾಗ ನೋಡಿ ನಿಲ್ಲಿಸುತ್ತಾನೋ, ಅಂಚಿಗೆ ಒತ್ತಿ ನುಗ್ಗುತ್ತಾನೋ ಎಂಬುದು ನನಗೆ ಉಳಿದ ಎಲ್ಲ ಪರೀಕ್ಷೆಗಿಂತ ಮುಖ್ಯ. ಈ ನಡುವೆ ಅವನ ಫೋನಿಗೆ ಕರೆ ಮಾಡಲು ಯಾರಿಗಾದರೂ ಹೇಳಿರಿ. ಎತ್ತಿದರೆ ನಿಮಗೆ ಉತ್ತರ ಸಿಕ್ಕಂತೆ.

ಹಿಂದಿನ ನಡತೆ

ಇಂಗ್ಲೆಂಡಿನಲ್ಲಿ ಟ್ಯಾಕ್ಸಿ ಓಡಿಸಲು ಮಾಮೂಲಿ ಡಿಎಲ್ ಜತೆಗೆ ಬೇರೆಯೇ ಪರವಾನಗಿ ಬೇಕು, ಲಂಡನ್ನಿನ ಹೊರಗೆ ಅದನ್ನು ಕೊಡುವುದು ಸ್ಥಳೀಯ ಆಡಳಿತ. ಅಲ್ಲಿನ ಸಮಿತಿಗಳು ಹಾಕಿಕೊಳ್ಳುವ ಪ್ರಶ್ನೆಯೊಂದಿದೆ: ನಿಮ್ಮ ಮಗಳನ್ನೋ ತಾಯಿಯನ್ನೋ ಈ ಮನುಷ್ಯನ ಕಾರಿನಲ್ಲಿ ಒಬ್ಬರನ್ನೇ ಕಳಿಸುತ್ತೀರಾ? ನಮ್ಮಲ್ಲಿ ಡಿಎಲ್ ಪರೀಕ್ಷೆಯಲ್ಲಿ ಈ ಪ್ರಶ್ನೆ ಬರುವುದೇ ಇಲ್ಲ. 2005ರ ಡಿಸೆಂಬರ್‌ನಲ್ಲಿ ಬೆಂಗಳೂರಿನ ಕಾಲ್ ಸೆಂಟರ್ ಉದ್ಯೋಗಿಯೊಬ್ಬರನ್ನು ಕೆಲಸಕ್ಕೆ ಕರೆದೊಯ್ಯಲು ಬಂದ ಕ್ಯಾಬ್ ಚಾಲಕನೇ ಕೊಂದ ಮೇಲೆ ಪೊಲೀಸ್ ಪರಿಶೀಲನೆಯ ಮಾತು ಜೋರಾಯಿತು. 2014ರ ದೆಹಲಿ ಕ್ಯಾಬ್ ಅತ್ಯಾಚಾರ ಪ್ರಕರಣದಲ್ಲಿ ಚಾಲಕನ ಬಳಿಯಿದ್ದ ನಡತೆ ಪ್ರಮಾಣಪತ್ರವೇ ನಕಲಿ ಎಂದು ಗೊತ್ತಾಯಿತು. ಆದ್ದರಿಂದ ಅವನು ತಂದುಕೊಟ್ಟ ಕಾಗದವನ್ನು ನಂಬಿ ಕೂರದೆ, ಸೇವಾ ಸಿಂಧು ಮೂಲಕ ಪೊಲೀಸ್ ಪರಿಶೀಲನೆಗೆ ಹೊಸದಾಗಿ ಅರ್ಜಿ ಹಾಕಿಸಿ.

ಇ-ಚಲನ್ ಜಾಲತಾಣದಲ್ಲಿ ಡಿಎಲ್ ಸಂಖ್ಯೆ ಹಾಕಿದರೆ ಬಾಕಿ ದಂಡಗಳು ಕಾಣುತ್ತವೆ. ತೂಗಿ ನೋಡಬೇಕಾದ್ದು ಇಲ್ಲೇ. ಒಂದು ಹಳೆಯ ಸ್ಪೀಡ್ ಚಲನ್ ದೊಡ್ಡದಲ್ಲ. ಕುಡಿದು ಓಡಿಸಿದ ಕೇಸು ಒಂದಿದ್ದರೂ ನಾನಾದರೆ ಬೇಡವೆನ್ನುತ್ತೇನೆ. ಎಫ್‌ಐಆರ್ ಆದಮಾತ್ರಕ್ಕೆ ಅಪರಾಧಿಯಲ್ಲ, ಊರ ಜಗಳದಲ್ಲಿ ಹೆಸರು ಸೇರಿಸುವುದು ನಮಗೆ ಗೊತ್ತಿರುವುದೇ. ಆದರೆ ಪ್ರಯಾಣಿಕರ ಮೇಲೆ ಕೈ ಮಾಡಿದ, ಅವರ ಸಾಮಾನು ಕದ್ದ, ಹೆಣ್ಣುಮಕ್ಕಳೊಡನೆ ಅಸಭ್ಯವಾಗಿ ನಡೆದುಕೊಂಡ ದೂರಿದ್ದರೆ ತೀರ್ಪು ಬರುವವರೆಗೆ ಕಾಯಬೇಕಾದ್ದು ಅವನೇ ಹೊರತು ನಿಮ್ಮ ಪ್ರಯಾಣಿಕರಲ್ಲ. ಹಿಂದಿನ ಮಾಲೀಕರಿಗೆ ಫೋನ್ ಮಾಡಿ ‘ಹೇಗಿದ್ದ?’ ಎಂದರೆ ‘ಒಳ್ಳೆ ಹುಡುಗ’ ಎನ್ನುತ್ತಾರೆ. ‘ಯಾಕೆ ಬಿಟ್ಟ?’ ಎಂದು ಕೇಳಿ.

ಬೀಗರೂಟ, ನಿದ್ದೆ, ನೈಟ್ ಬಾಟಾ

100 ಮಿ.ಲೀ. ರಕ್ತದಲ್ಲಿ 30 ಮಿ.ಗ್ರಾಂ. ಮೀರಿ ಮದ್ಯವಿದ್ದರೆ ಅಪರಾಧ. ಮೊದಲ ಸಲಕ್ಕೆ 6 ತಿಂಗಳವರೆಗೆ ಜೈಲು, 10,000 ರೂಪಾಯಿ ದಂಡ ಅಥವಾ ಎರಡೂ. ರಾತ್ರಿ ಬೀಗರೂಟದಲ್ಲಿ ಕುಡಿದವನು ನಾಲ್ಕು ಗಂಟೆ ಮಲಗಿ ಎದ್ದಮಾತ್ರಕ್ಕೆ ಮೈಯಿಂದ ಅದು ಹೋಗಿರುವುದಿಲ್ಲ. ಬೆಳಗಿನ ಜಾವದ ಬಾಡಿಗೆ ಇದ್ದರೆ ಹಿಂದಿನ ರಾತ್ರಿಯೇ ವಿಚಾರಿಸಿಕೊಳ್ಳಿ.

ನಿದ್ದೆಯ ವಿಷಯದಲ್ಲಿ ತಪ್ಪು ಹೆಚ್ಚಾಗಿ ಮಾಲೀಕರದೇ. ದಿನಕ್ಕೆ 8 ಗಂಟೆ ಕೆಲಸ, 5 ಗಂಟೆಗೊಮ್ಮೆ ಕನಿಷ್ಠ ಅರ್ಧ ಗಂಟೆ ವಿಶ್ರಾಂತಿ ಎಂದು 2025ರವರೆಗೆ ಜಾರಿಯಲ್ಲಿದ್ದ 1961ರ ಮೋಟಾರು ಸಾರಿಗೆ ಕಾರ್ಮಿಕರ ಕಾಯ್ದೆ ಹೇಳುತ್ತಿತ್ತು. ಬಾಡಿಗೆ ವಾಹನದ ಚಾಲಕರಿಗೂ ಅದೇ ಲೆಕ್ಕ ಎನ್ನುತ್ತದೆ ಮೋಟಾರು ವಾಹನ ಕಾಯ್ದೆಯ 91ನೇ ಸೆಕ್ಷನ್. ಆ್ಯಪ್ ಟ್ಯಾಕ್ಸಿಗಳಿಗೆ ಕೇಂದ್ರದ 2020ರ ಮಾರ್ಗಸೂಚಿ ಹಾಕಿದ್ದ ಮಿತಿ ದಿನಕ್ಕೆ 12 ಗಂಟೆ, ಆಮೇಲೆ 10 ಗಂಟೆ ಬಿಡುವು. ಬಾಡಿಗೆಗಿಷ್ಟು ಎಂದು ಬಾಟಾ ಕೊಡುವ ಕಡೆ ಏರ್‌ಪೋರ್ಟಿನಿಂದ ಬೆಳಿಗ್ಗೆ ಬಂದವನೇ ಧರ್ಮಸ್ಥಳಕ್ಕೂ ಹೊರಡುತ್ತಾನೆ. ಅವನಿಗೆ ದುಡ್ಡು ಬೇಕು, ನಿಮಗೆ ಕಂತು ಕಟ್ಟಬೇಕು. ‘ನಿದ್ದೆ ಆಯ್ತೇನಪ್ಪ?’ ಎಂದರೆ ‘ಆಯ್ತಣ್ಣ’ ಎಂಬ ಉತ್ತರವೇ ಬರುತ್ತದೆ. ಹೊರಟ ಹೊತ್ತು, ಬಂದ ಹೊತ್ತು ಬರೆದಿಟ್ಟು, ರಾತ್ರಿ ಬಾಡಿಗೆಯ ಮರುದಿನಕ್ಕೆ ಬೇರೆ ಡ್ರೈವರನ್ನು ಗೊತ್ತುಮಾಡಿ.

ಸೇರಿದ ಮೇಲೆ ಕೆಟ್ಟರೆ

ಕಾಯಿಲೆಯಿಂದ ಓಡಿಸಲಾಗದ ಸ್ಥಿತಿಗೆ ಬಂದವನ ಡಿಎಲ್ ರದ್ದು ಮಾಡಲು ಮೋಟಾರು ವಾಹನ ಕಾಯ್ದೆಯ 16ನೇ ಸೆಕ್ಷನ್ ಇದೆ. ಕುಡಿತದ ಚಟ, ಅಪಾಯಕಾರಿ ಚಾಲನೆ, ಸುಳ್ಳು ಹೇಳಿ ಡಿಎಲ್ ಪಡೆದದ್ದು, ಪ್ರಯಾಣಿಕರೊಡನೆ ದುರ್ವರ್ತನೆ ಇಂಥವಕ್ಕೆ 19ನೇ ಸೆಕ್ಷನ್. ದೂರು ಕೊಡುವವರು ಗಾಡಿ ನಂಬರ್, ದಿನಾಂಕ, ಸಮಯ, ಸ್ಥಳ ಬರೆದು ಆರ್‌ಟಿಒಗೆ ಸಲ್ಲಿಸಬೇಕು. ಅಪಾಯವಿದ್ದರೆ ಮೊದಲು 112ಕ್ಕೆ ಕರೆ ಮಾಡಬೇಕು. 19ನೇ ಸೆಕ್ಷನ್ನಿನಡಿ ಕ್ರಮ ಕೈಗೊಳ್ಳುವ ಮೊದಲು ಡ್ರೈವರನ ಮಾತು ಕೇಳಬೇಕು, ಕಾರಣವನ್ನು ಬರೆದೇ ಕೊಡಬೇಕು. ಒಪ್ಪಿಗೆಯಾಗದಿದ್ದರೆ ಅವನು 30 ದಿನದೊಳಗೆ ಮೇಲ್ಮನವಿ ಹಾಕಬಹುದು. ಅದು ಇತ್ಯರ್ಥವಾಗಿ ಡಿಎಲ್ ಮರಳುವವರೆಗೆ ಕೀ ನಿಮ್ಮ ಬಳಿಯೇ ಇರಲಿ. ಅನರ್ಹಗೊಂಡವನು ಓಡಿಸಿದರೆ ಕಾಯ್ದೆಯ ಪ್ರಕಾರ ಅವನಿಗೆ 10,000 ರೂಪಾಯಿ, ಓಡಿಸಲು ಬಿಟ್ಟ ಮಾಲೀಕನಿಗೆ 5,000 ರೂಪಾಯಿ ದಂಡ. ಇಬ್ಬರಿಗೂ 3 ತಿಂಗಳವರೆಗೆ ಜೈಲೂ ಆಗಬಹುದು.