ನೀರು ಮುಗಿಸಿದ್ದು ಅತ್ತೆಯಲ್ಲ

ಪ್ರಶ್ನೆ: ನಮ್ಮದು ರಾಮಕುಂಜ. ಅಡಿಕೆ ತೋಟ, ಬಾವಿ, ಬೋರ್‌ವೆಲ್ ಎಲ್ಲ ಇದೆ. ನೀರಿಗೆ ಕಷ್ಟಪಟ್ಟವರಲ್ಲ. ಇವರು ಹಳೆಯ ಟೆಂಪೊ ಟ್ರಾವೆಲರ್ ಒಂದನ್ನು ಕೊಂಡು ಒಳಗೆ ಮಲಗಲು, ಅಡುಗೆ ಮಾಡಲು ವ್ಯವಸ್ಥೆ ಮಾಡಿಸಿದ್ದಾರೆ. 100 ಲೀಟರಿನ ಟ್ಯಾಂಕ್, ಬ್ಯಾಟರಿ ಪಂಪ್, ಸಿಂಕ್, ಹಿಂಬದಿಯಲ್ಲಿ ಶವರ್ ಇದೆ. ದಸರಾ ರಜೆಯಲ್ಲಿ ಹಂಪಿ, ಬಾದಾಮಿಗೆ ಹೋಗುವ ಯೋಚನೆ. ನೋಡೋಣವೆಂದು ಒಂದು ರಾತ್ರಿ ಸಕಲೇಶಪುರದ ಹತ್ತಿರ ಪರಿಚಯದವರ ಕಾಫಿ ತೋಟದಲ್ಲಿ ಗಾಡಿ ನಿಲ್ಲಿಸಿದೆವು. ಬೆಳಿಗ್ಗೆ ಮಕ್ಕಳಿಬ್ಬರ ಸ್ನಾನ ಆಯಿತು, ಅತ್ತೆ ಬಾಲ್ದಿಯಲ್ಲಿ ನೀರು ಹಿಡಿದು ಸ್ನಾನ ಮಾಡಿದರು, ಅಷ್ಟರಲ್ಲಿ ಟ್ಯಾಂಕ್ ಖಾಲಿ. ಅತ್ತೆಗೆ 74 ವರ್ಷ. ಸ್ನಾನವಾಗದೆ ಕಾಫಿಯನ್ನೂ ಮುಟ್ಟುವವರಲ್ಲ. "ಗಾಡಿಯಲ್ಲಿಯೂ ನಿನಗೆ ಸ್ನಾನ ಆಗಲೇಬೇಕಾ ಅಮ್ಮ?" ಎಂದು ಇವರು ಸಿಟ್ಟಿನಲ್ಲಿ ಅಂದುಬಿಟ್ಟರು. ಅಂದಿನಿಂದ ಅತ್ತೆ, "ನೀವು ಹೋಗಿ ಬನ್ನಿ, ನಾನು ಮನೆ ನೋಡಿಕೊಳ್ಳುತ್ತೇನೆ" ಎನ್ನುತ್ತಿದ್ದಾರೆ. ಅವರನ್ನು ಬಿಟ್ಟು ಹೋಗಲು ನನಗೆ ಮನಸ್ಸಿಲ್ಲ. ಕರೆದುಕೊಂಡು ಹೋದರೆ ದಾರಿಯುದ್ದಕ್ಕೂ ನೀರಿನ ಜಗಳವಾದೀತು ಎಂಬ ಹೆದರಿಕೆ. ಏನು ಮಾಡಲಿ?
(ಹೆಸರು ಬೇಡ, ರಾಮಕುಂಜ)

ಉತ್ತರ: ಅತ್ತೆಯನ್ನು ಖಂಡಿತ ಕರೆದುಕೊಂಡು ಹೋಗಿ. ನೀವು ಬರೆದದ್ದನ್ನೇ ಲೆಕ್ಕ ಹಾಕಿದರೆ ನೀರು ಮುಗಿಸಿದವರು ಅವರಲ್ಲ ಎಂಬುದು ಗೊತ್ತಾಗುತ್ತದೆ. ಇಂಥ ಗಾಡಿಗಳಿಗೆ ಹಾಕುವ ಬ್ಯಾಟರಿ ಪಂಪುಗಳಲ್ಲಿ ಹೆಚ್ಚಿನವು ನಿಮಿಷಕ್ಕೆ ಸುಮಾರು 10 ಲೀಟರ್ ನೀರು ದೂಡುತ್ತವೆ. ಮಕ್ಕಳಿಬ್ಬರು ಶವರಿನ ಕೆಳಗೆ ನಾಲ್ಕು ನಾಲ್ಕು ನಿಮಿಷ ನಿಂತರೂ 80 ಲೀಟರ್ ಹೋಯಿತು. ಅತ್ತೆಯ ಬಾಲ್ದಿ ತುಂಬಿದ್ದರೂ 15ರಿಂದ 20 ಲೀಟರ್. ಅವರು ಕೊನೆಗೆ ಸ್ನಾನಕ್ಕೆ ಹೋದದ್ದರಿಂದ ಮಾತು ಅವರ ಮೇಲೆ ಬಿತ್ತು. ಈ ಲೆಕ್ಕವನ್ನು ನಿಮ್ಮ ಯಜಮಾನರಿಗೆ ತೋರಿಸಿ. ಅಮ್ಮನ ಹತ್ತಿರ ಅವರೇ ಹೋಗಿ ಒಂದು ಮಾತು ಆಡಲಿ. ಅದಾಗದೆ ಟ್ಯಾಂಕಿನ ವಿಷಯ ಎಷ್ಟು ಸರಿಮಾಡಿದರೂ ಪ್ರಯೋಜನವಿಲ್ಲ.

ಮಕ್ಕಳನ್ನೂ ಬೈಯಬೇಡಿ. ವರ್ಷಕ್ಕೆ 4,000 ಮಿಲಿಮೀಟರಿನ ಹತ್ತಿರ ಮಳೆ ಬೀಳುವ ಸೀಮೆಯಲ್ಲಿ, ಸ್ವಿಚ್ ಹಾಕಿದರೆ ಮೇಲಿನ ಟ್ಯಾಂಕ್ ತುಂಬುವ ಮನೆಯಲ್ಲಿ ಬೆಳೆದವರಿಗೆ ನೀರನ್ನು ಅಳೆಯುವ ಅಭ್ಯಾಸ ಎಲ್ಲಿಂದ ಬರಬೇಕು? ಆದರೆ ನಿಮ್ಮ ಮನೆಯಲ್ಲಿ ಆ ಅಭ್ಯಾಸ ಇರುವವರು ಒಬ್ಬರಿದ್ದಾರೆ. 74 ವರ್ಷದವರೆಂದರೆ ರಾಟೆಯಲ್ಲಿ ನೀರು ಸೇದಿ, ಕೊಡಪಾನ ಸೊಂಟಕ್ಕಿಟ್ಟು ತಂದ ಕಾಲದವರು. ದನಕ್ಕೆ ಎಷ್ಟು, ಹಂಡೆಗೆ ಎಷ್ಟು, ಅಡುಗೆಗೆ ಎಷ್ಟು ಎಂಬುದು ಅವರ ತೋಳಿಗೆ ಗೊತ್ತಿತ್ತು. ಗಾಡಿಯ ನೀರಿನ ಯಜಮಾನಿಕೆಯನ್ನು ಅವರಿಗೇ ಒಪ್ಪಿಸಿ. ಬೇಸರ ಕಳೆಯಲಿ ಎಂದು ಹೇಳುತ್ತಿರುವುದಲ್ಲ. ಈ ಕೆಲಸಕ್ಕೆ ನಿಮ್ಮ ಪೈಕಿ ಅರ್ಹರು ಅವರೇ.

ಇನ್ನು ಲೆಕ್ಕ. ಹಳ್ಳಿಗಳಿಗೆ ನಲ್ಲಿ ನೀರು ಕೊಡುವ ಜಲಜೀವನ ಮಿಷನ್ ಒಬ್ಬರಿಗೆ ದಿನಕ್ಕೆ 55 ಲೀಟರ್ ಎಂದು ಇಟ್ಟುಕೊಂಡಿದೆ. ನೆರೆ, ಭೂಕಂಪಗಳ ನಿರಾಶ್ರಿತ ಶಿಬಿರಗಳಿಗೆ ಜಗತ್ತಿನಾದ್ಯಂತ ಒಪ್ಪಿದ ಕನಿಷ್ಠ ಅಳತೆ 15 ಲೀಟರ್. ನೀವು ಐದು ಜನ. 15ರ ಲೆಕ್ಕದಲ್ಲಿ ದಿನಕ್ಕೆ 75 ಲೀಟರ್ ಬೇಕು, ಅಂದರೆ ನಿಮ್ಮ ಟ್ಯಾಂಕ್ ಒಂದು ಹಗಲು, ಒಂದು ರಾತ್ರಿ ಕಳೆದು ಸ್ವಲ್ಪ ಉಳಿಯುತ್ತದೆ. ಅದನ್ನು ಎರಡು ದಿನಕ್ಕೆ ಎಳೆಯಬಹುದು. ಕುಡಿಯುವ ನೀರನ್ನು ಟ್ಯಾಂಕಿನಿಂದ ಪೂರ್ತಿ ಬೇರೆ ಮಾಡಿ, 20 ಲೀಟರಿನ ಎರಡು ಕ್ಯಾನುಗಳಲ್ಲಿ ಇಡಿ. ತಲೆಗೆ 3 ಲೀಟರಿನಂತೆ ಐವರಿಗೆ 15, ಅಡುಗೆಗೆ ಸುಮಾರು 10, ಎರಡೂ ಕ್ಯಾನಿನಿಂದಲೇ ಆಗಲಿ. ಆಗ ಟ್ಯಾಂಕಿನ ನೀರು ಪಾತ್ರೆ, ಕೈಕಾಲು, ಮುಖ ತೊಳೆಯಲು ಮತ್ತು ಅತ್ತೆಯ ಸ್ನಾನಕ್ಕೆ ಮಾತ್ರ. ದಿನಕ್ಕೆ 40ರಿಂದ 45 ಲೀಟರಿನಲ್ಲಿ ಮುಗಿಯುತ್ತದೆ. ಟ್ಯಾಂಕ್ ಕೈಕೊಟ್ಟರೂ ಕುಡಿಯುವ ನೀರಿಗೆ ತೊಂದರೆಯಿಲ್ಲ ಎಂಬ ಧೈರ್ಯ ಬಂದರೆ ಅರ್ಧ ಜಗಳ ಹುಟ್ಟುವುದೇ ಇಲ್ಲ.

ಶವರನ್ನು ಈ ಪ್ರವಾಸದ ಮಟ್ಟಿಗೆ ಮುಚ್ಚಿಬಿಡಿ. ಅತ್ತೆ ಬಾಲ್ದಿ, ಚೆಂಬು ಹಿಡಿದು ಸ್ನಾನ ಮಾಡಿದರೆ 10ರಿಂದ 12 ಲೀಟರ್ ಸಾಕು. ಒಲೆಯಲ್ಲಿ ಸ್ವಲ್ಪ ನೀರು ಕುದಿಸಿ ಬೆರೆಸಿಕೊಟ್ಟರೆ ಹದ ಬರುವವರೆಗೆ ನೀರು ಬಿಡುತ್ತ ನಿಲ್ಲಬೇಕಾಗಿಲ್ಲ. ಉಳಿದ ನಾಲ್ವರ ಸ್ನಾನ ಹೊರಗೆ ಆಗಲಿ. ಕಮಲಾಪುರದಲ್ಲಿ ಮಯೂರ ಭುವನೇಶ್ವರಿ, ಬಾದಾಮಿಯಲ್ಲಿ ಮಯೂರ ಚಾಲುಕ್ಯ ಎಂಬ ಪ್ರವಾಸೋದ್ಯಮ ನಿಗಮದ ಹೋಟೆಲುಗಳಿವೆ. ಎರಡು ದಿನಕ್ಕೊಮ್ಮೆ ಇಂಥ ಕಡೆಯೋ ಯಾವುದಾದರೂ ಯಾತ್ರಿನಿವಾಸದಲ್ಲೋ ಒಂದು ಕೋಣೆ ಹಿಡಿದರೆ ಐವರ ಸ್ನಾನ, ಬಟ್ಟೆ ಒಗೆತ ಎಲ್ಲ ಮುಗಿಯುತ್ತದೆ. ಟ್ಯಾಂಕ್ ತುಂಬಿಸಿಕೊಳ್ಳಬಹುದೇ ಎಂದು ಮೊದಲೇ ಫೋನ್ ಮಾಡಿ ಕೇಳಿ. ಅಮೆರಿಕ, ಆಸ್ಟ್ರೇಲಿಯಾಗಳಲ್ಲಿ ಗಾಡಿ ನಿಲ್ಲಿಸುವ ಎಷ್ಟೋ ತಾಣಗಳಲ್ಲಿ ಪ್ರತಿ ಗಾಡಿಗೂ ಒಂದು ನಲ್ಲಿ ಇರುತ್ತದೆ. ನಮ್ಮಲ್ಲಿ ಅದನ್ನು ನಂಬಿ ಹೊರಡುವ ಹಾಗಿಲ್ಲ. ಹಂಪಿಯಲ್ಲಿ ಹೊಳೆ ಸ್ನಾನದ ಆಸೆ ಬೇಡ. ತುಂಗಭದ್ರೆಯ ಬಂಡೆಗಳ ನಡುವೆ ಸುಳಿಗಳಿವೆ, ಅದು ನಿಮ್ಮ ಮಕ್ಕಳು ಕಂಡ ಕುಮಾರಧಾರೆಯ ಸ್ನಾನಘಟ್ಟವಲ್ಲ.

ಅಡುಗೆಯ ವಿಷಯದಲ್ಲಿ ಅತ್ತೆಯೊಡನೆ ಸ್ವಲ್ಪ ಮಾತಾಡಬೇಕಾದೀತು. ಕುಚ್ಚಲಕ್ಕಿ ಬೇಯಲು ನೀರೂ ಹೆಚ್ಚು, ಗ್ಯಾಸೂ ಹೆಚ್ಚು. ಬಸಿದ ತೆಳಿಯನ್ನು ಉಪ್ಪು ಹಾಕಿ ಕುಡಿಯುವ ಮನೆಯಾದರೆ ನೀರಿನ ನಷ್ಟವಿಲ್ಲ, ಚೆಲ್ಲುವ ಮನೆಯಾದರೆ ಬೆಳ್ತಿಗೆ ಅಕ್ಕಿಯೇ ಒಯ್ಯಿರಿ. ಅವಲಕ್ಕಿ ಜತೆಗಿರಲಿ. ಊಟಕ್ಕೆ ಹಾಳೆ ತಟ್ಟೆ. ಅಡಿಕೆಯ ಹಾಳೆ ನಿಮ್ಮ ತೋಟದ್ದೇ, ಪುತ್ತೂರು, ಸುಳ್ಯದ ಕಡೆ ತಟ್ಟೆ ಒತ್ತುವವರಿಗೂ ಕೊರತೆಯಿಲ್ಲ. ಐದು ತಟ್ಟೆ ತೊಳೆಯುವ ಕೆಲಸ ತಪ್ಪಿದರೆ ಪ್ರತಿ ಊಟಕ್ಕೂ ನಾಲ್ಕೈದು ಲೀಟರ್ ಉಳಿಯುತ್ತದೆ. ಉಂಡ ತಟ್ಟೆಗಳನ್ನು ರಸ್ತೆ ಬದಿಗೆ ಎಸೆಯದೆ ಚೀಲದಲ್ಲಿ ಕಟ್ಟಿಟ್ಟು ಕಸದ ತೊಟ್ಟಿಗೇ ಹಾಕಿ. ಪಾತ್ರೆಗಳನ್ನು ಮೊದಲು ಹಳೆಯ ಪೇಪರಿನಿಂದ ಒರೆಸಿ, ಅಕ್ಕಿ ತೊಳೆದ ನೀರಿನಲ್ಲಿ ಒಮ್ಮೆ ಉಜ್ಜಿ, ಕೊನೆಗೆ ಮಾತ್ರ ಒಳ್ಳೆಯ ನೀರು ಬಳಸಿ. ಸೋಪಿನ ನೀರನ್ನು ಹೊಳೆಗೂ ಬಾದಾಮಿಯ ಅಗಸ್ತ್ಯ ತೀರ್ಥದಂಥ ಕೆರೆಗೂ ಬಿಡಬೇಡಿ. ನೀರಿನ ಜಾಗದಿಂದ ಕನಿಷ್ಠ 60 ಮೀಟರ್ ದೂರದ ಮಣ್ಣಿಗೆ ಚೆಲ್ಲಿ.

ಕುಡಿಯುವ ನೀರಿನ ಬಗ್ಗೆ ಒಂದು ಎಚ್ಚರಿಕೆಯನ್ನು ಒತ್ತಿ ಹೇಳಬೇಕು. ನಮ್ಮ ಕಡೆ "ಕುದಿಸಿದರೆ ಆಯಿತು" ಎಂಬ ನಂಬಿಕೆ ಗಟ್ಟಿ. ರೋಗಾಣುಗಳ ಮಟ್ಟಿಗೆ ಅದು ಸರಿ, ಕೊತಕೊತ ಒಂದು ನಿಮಿಷ ಕುದಿದರೆ ಸಾಕು. ಆದರೆ ನೀವು ಹೋಗುವ ಕೊಪ್ಪಳ, ಗದಗ, ಬಾಗಲಕೋಟೆಯ ಕಡೆ ಎಷ್ಟೋ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡ್ ಹೆಚ್ಚಿದೆ, ಕುದಿಸಿದರೆ ಅದು ಹೋಗುವುದಿಲ್ಲ. ನೀರು ಆವಿಯಾದಷ್ಟೂ ಉಳಿದ ನೀರಿನಲ್ಲಿ ಅದರ ಪ್ರಮಾಣ ಏರುತ್ತದೆ. ಎರಡು ದಿನ ಕುಡಿದರೆ ಹಲ್ಲು, ಮೂಳೆ ಕೆಡುವುದಿಲ್ಲ, ಗಾಬರಿ ಬೇಡ. ಆದರೂ ಮಕ್ಕಳ ಕ್ಯಾನ್ ತುಂಬಿಸಲು ಆ ನೀರು ಬೇಕಾಗಿಲ್ಲ. ಅಲ್ಲಿಯ ಹಳ್ಳಿಗಳಲ್ಲಿ ನಾಣ್ಯ ಹಾಕಿ 20 ಲೀಟರ್ ತುಂಬಿಸಿಕೊಳ್ಳುವ ಶುದ್ಧ ಕುಡಿಯುವ ನೀರಿನ ಘಟಕಗಳಿವೆ. ಊರವರಿಗೂ ಅದೇ ಆಧಾರ. ಚಿಲ್ಲರೆ ನಾಣ್ಯ ಕಟ್ಟಿಟ್ಟುಕೊಳ್ಳಿ. ಕರೆಂಟಿಲ್ಲದಾಗ ಘಟಕ ನಡೆಯುವುದಿಲ್ಲವಾದ್ದರಿಂದ ಒಂದು ಕ್ಯಾನ್ ಖಾಲಿಯಾದ ಕೂಡಲೇ ತುಂಬಿಸಿ, ಎರಡೂ ಮುಗಿಯುವವರೆಗೆ ಕಾಯಬೇಡಿ.

ದಾರಿಯಲ್ಲಿ ನೀರು ಕೇಳಲು ಅತ್ತೆಗೆ ಸಂಕೋಚವಾಗಬಹುದು. ಮನೆಗೆ ಬಂದವರಿಗೆಲ್ಲ ಬೆಲ್ಲ, ನೀರು ಕೊಟ್ಟು ಉಪಚರಿಸಿದವರಿಗೆ ಕೈಯೊಡ್ಡುವುದು ಸುಲಭವಲ್ಲ. ಕುಡಿಯಲು ಎರಡು ಚೆಂಬು ಕೇಳಿದರೆ ಬಯಲುಸೀಮೆಯಲ್ಲಿ ಯಾರೂ ಇಲ್ಲವೆನ್ನರು. ಆದರೆ ವಾರಕ್ಕೊಮ್ಮೆ ನಲ್ಲಿ ನೀರು ಬರುವ ಊರುಗಳು ಅಲ್ಲಿವೆ. ಅಂಥ ಮನೆಯ ಡ್ರಮ್ಮಿನಿಂದ 100 ಲೀಟರಿನ ಟ್ಯಾಂಕ್ ತುಂಬಿಸಿಕೊಳ್ಳುವುದು ಅನ್ಯಾಯ. ಟ್ಯಾಂಕಿಗೆ ನೀರು ಪೆಟ್ರೋಲ್ ಬಂಕಿನಲ್ಲಿ, ಹೋಟೆಲಿನಲ್ಲಿ ಕೇಳಿ, ದುಡ್ಡು ಕೊಟ್ಟು ತುಂಬಿಸಿ. ಪೈಪು ನಿಮ್ಮದೇ ಇರಲಿ, ಮೊದಲ ಅರ್ಧ ನಿಮಿಷದ ನೀರನ್ನು ಬಾಲ್ದಿಗೆ ಹಿಡಿದು ಕೈಕಾಲು ತೊಳೆಯಲು ಇಡಿ.

ಹೊಸ ಟ್ಯಾಂಕನ್ನು ಹೊರಡುವ ಮೊದಲು ಶುದ್ಧ ಮಾಡಿಕೊಳ್ಳಬೇಕು. ಪರಿಮಳ ಬೆರೆಸದ, ಶೇಕಡಾ 5ರ ಸೋಡಿಯಂ ಹೈಪೋಕ್ಲೋರೈಟ್ ದ್ರಾವಣ 100 ಮಿಲಿಲೀಟರನ್ನು ತುಂಬಿದ ಟ್ಯಾಂಕಿಗೆ ಹಾಕಿ, ನಲ್ಲಿಗಳಲ್ಲಿ ಅದರ ವಾಸನೆ ಬರುವವರೆಗೆ ನೀರು ಬಿಟ್ಟು ಮುಚ್ಚಿ. ನಾಲ್ಕು ಗಂಟೆಯಾದರೂ ಹಾಗೇ ಇರಲಿ. ಆಮೇಲೆ ಖಾಲಿ ಮಾಡಿ, ವಾಸನೆ ಹೋಗುವವರೆಗೆ ಒಳ್ಳೆಯ ನೀರು ಹಾಯಿಸಿ. ಬಚ್ಚಲು ತೊಳೆಯುವ ಆಸಿಡ್‌ನೊಡನೆ ಇದನ್ನು ಎಂದೂ ಬೆರೆಸಬಾರದು, ವಿಷಗಾಳಿ ಏಳುತ್ತದೆ. ತುಂಬಿದ ಟ್ಯಾಂಕಿನ ನೀರು 100 ಕಿಲೋ ತೂಗುತ್ತದೆ. ಶಿರಾಡಿ ಘಾಟಿ ಹತ್ತುವ ಮುಂಚೆ ಟ್ಯಾಂಕಿನ ಪಟ್ಟಿ, ಬೋಲ್ಟ್ ಬಿಗಿ ಇದೆಯೇ ಎಂದು ಮೆಕ್ಯಾನಿಕ್‌ಗೆ ತೋರಿಸಿ. ರಾತ್ರಿ ಮಲಗುವಾಗ ಪಂಪಿನ ಸ್ವಿಚ್ ಆಫ್ ಇರಲೇಬೇಕು. ನಲ್ಲಿ ಸರಿಯಾಗಿ ನಿಲ್ಲದೆ ತೊಟ್ಟಿಕ್ಕುತ್ತಿದ್ದರೆ ಪಂಪ್ ಮತ್ತೆ ಮತ್ತೆ ತಾನೇ ಓಡಿ ಬೆಳಗಾಗುವಷ್ಟರಲ್ಲಿ ಟ್ಯಾಂಕ್ ಬರಿದಾಗುತ್ತದೆ.

ದಸರೆಗೆ ಮುಂಚಿನ ಒಂದು ಶನಿವಾರ ಸಂಜೆ ಗಾಡಿಯನ್ನು ನಿಮ್ಮ ಅಂಗಳದಲ್ಲೇ ನಿಲ್ಲಿಸಿ ಭಾನುವಾರ ಸಂಜೆಯವರೆಗೆ ಐವರೂ ಅದರ ನೀರಿನಲ್ಲೇ ಇರಿ. ಬಾವಿ ಹತ್ತು ಹೆಜ್ಜೆ ದೂರದಲ್ಲಿದ್ದರೂ ಹೋಗಬಾರದು. ಯಾವ ಕೆಲಸಕ್ಕೆ ಎಷ್ಟು ಚೆಂಬು, ಎಷ್ಟು ಕೊಡಪಾನ ಎಂದು ಅತ್ತೆ ಹೇಳಲಿ, ಮಕ್ಕಳು ಪುಸ್ತಕದಲ್ಲಿ ಬರೆಯಲಿ. ಭಾನುವಾರ ಸಂಜೆ ಟ್ಯಾಂಕಿನಲ್ಲಿ ಅರ್ಧ ಉಳಿದಿದ್ದರೆ ನೀವು ಬಾದಾಮಿಗೆ ಧಾರಾಳವಾಗಿ ಹೊರಡಬಹುದು. ಉಳಿಯದಿದ್ದರೆ ಮರುವಾರ ಇನ್ನೊಮ್ಮೆ ಮಾಡಿ ನೋಡಿ.