ಅರಿಶಿನ: ಧಾರಣೆಯ ಭ್ರಮೆ, ಖರ್ಚಿನ ಲೆಕ್ಕ

ನಂಜನಗೂಡು, ತಿರುಮಕೂಡಲು ನರಸೀಪುರ ತಾಲ್ಲೂಕುಗಳ ರೈತರು ಮೇ-ಜೂನ್‌ನಲ್ಲಿ ಅರಿಶಿನ ನಾಟಿ ಮಾಡಿದರೆ ಗಡ್ಡೆ ಕೀಳುವುದು ಎಂಟು-ಒಂಬತ್ತು ತಿಂಗಳ ಮೇಲೆ. ನಾಟಿಯ ದಿನದ ಧಾರಣೆ ಅಲ್ಲಿಯವರೆಗೆ ನಿಲ್ಲುವ ಭರವಸೆಯಿಲ್ಲ. 2010ರಲ್ಲಿ ಈರೋಡು ಮಾರುಕಟ್ಟೆಯಲ್ಲಿ ಕ್ವಿಂಟಾಲಿಗೆ 15,000 ರೂಪಾಯಿ ದಾಟಿದ್ದನ್ನು ಕಂಡು ಎಲ್ಲರೂ ಅರಿಶಿನಕ್ಕೆ ಮುಗಿಬಿದ್ದರು. 2012ರ ವೇಳೆಗೆ ಬೆಲೆ ಅದರ ಮೂರನೇ ಒಂದು ಭಾಗದ ಆಸುಪಾಸಿಗೆ ಕುಸಿಯಿತು.

ಎಕರೆಗೆ ಸುಮಾರು 10 ಕ್ವಿಂಟಾಲ್ ಬಿತ್ತನೆ ಗಡ್ಡೆ ಬೇಕು. ಬೆಲೆಯೇರಿದ ವರ್ಷ ಅದೂ ದುಬಾರಿ. ನಷ್ಟದ ಬೇರು ಇರುವುದು ಇಲ್ಲಿಯೇ. ಇತರರು ಕೈಬಿಟ್ಟ ವರ್ಷ ಗಡ್ಡೆ ಅಗ್ಗ, ಆದರೆ ಆಗ ಕೊಳ್ಳಲು ಯಾರಿಗೂ ಧೈರ್ಯ ಬಾರದು! ನೆರೆಹೊಲ ನೋಡುವ ಬದಲು, ಒಂದು ಕ್ವಿಂಟಾಲ್ ಒಣ ಅರಿಶಿನಕ್ಕೆ ತಗಲುವ ಖರ್ಚನ್ನು ಬರೆದಿಡಬೇಕು. ಧಾರಣೆ ಅದಕ್ಕಿಂತ ಕೆಳಗಿದ್ದರೆ, ಬೇಯಿಸಿ ಚೆನ್ನಾಗಿ ಒಣಗಿಸಿದ ಅರಿಶಿನವನ್ನು ಹುಳು ಬೀಳದಂತೆ ದಾಸ್ತಾನಿಟ್ಟು ಕಾಯಬಹುದು. ಸಾಲದ ಕಂತು ಇರುವವರು ಕಂತಿಗೆ ಬೇಕಾದಷ್ಟನ್ನೇ ಮಾರಿ ಉಳಿದುದನ್ನು ಇಟ್ಟುಕೊಳ್ಳಲಿ.